ಕರಡಿ ಬಂದುಹೋದ ಮನೆ

ಅಡುಗೆಮನೆಯಲ್ಲಿ ಡಬ್ಬಿ ಉರುಳಿದ ಸದ್ದು ಗಂಗಲಕ್ಷ್ಮಮ್ಮನಿಗೆ ಕೇಳಿಸದೆ ಇರಲಿಲ್ಲ. ಸಕ್ಕರೆ ಕಾಯಿಲೆಯ ಗಂಡ ಕದ್ದು ಬೆಲ್ಲ ತಿನ್ನುತ್ತಿದ್ದಾನೆ ಅಂದುಕೊಂಡು, ಮಲಗಿದ್ದಲ್ಲಿಂದಲೇ "ನಾಚ್ಕೆ ಆಗಲ್ವಾ ನಿಮ್ಗೆ? ಡಾಕ್ಟ್ರು ಏನಂದವ್ರೆ?" ಎಂದು ಗದರಿ ಮಗ್ಗುಲು ಬದಲಿಸಿದ್ದಳು. ಬೆಳಕು ಹರಿದ ಮೇಲೆ ಎದ್ದು ನೋಡಿದರೆ ಹಿತ್ತಿಲ ಬಾಗಿಲು ಎರಡು ಹೋಳಾಗಿ ಬಿದ್ದಿತ್ತು. ಗೋಡೆಯ ಮೇಲೆ ಉಗುರಿನ ಗೀರು, ನೆಲದ ರಾಗಿಹಿಟ್ಟಿನಲ್ಲಿ ಅಗಲವಾದ ಹೆಜ್ಜೆ. ಬಂದಿದ್ದದ್ದು ಕರಡಿ! ದೀಪದ ಎಣ್ಣೆ ನೆಕ್ಕಿ, ಬೆಲ್ಲದ ಡಬ್ಬಿ ಬರಿದು ಮಾಡಿ, ಬಾಣಂತಿ ಮಗಳಿಗೆಂದು ಕಟ್ಟಿಟ್ಟಿದ್ದ ಅಂಟಿನುಂಡೆಯನ್ನು ಒಂದೂ ಬಿಡದೆ ಮುಗಿಸಿ ಹೋಗಿತ್ತು.

"ತಿಂದೋನು ಅವ್ನು, ಬೈಸ್ಕೊಂಡೋನು ನಾನು" ಎಂದ, ರಾತ್ರಿ ಜಗಲಿಯಲ್ಲಿ ಮಲಗಿದ್ದ ದೊಡ್ಡರಂಗಯ್ಯ.

ಕೋಣೆಯೊಳಗೆ ಚಿಲಕ ಹಾಕಿಕೊಂಡು ಮಲಗಿದ್ದ ಮಗಳು ಹೇಮಶ್ರೀಗೂ ಅವಳ ಕೂಸಿಗೂ ಕೂದಲು ಕೊಂಕಿರಲಿಲ್ಲ. ಸದ್ಯ ಬದುಕಿದೆವು ಅಂತ ಗಂಗಲಕ್ಷ್ಮಮ್ಮ ದೇವರಿಗೆ ಕೈ ಮುಗಿಯುವಷ್ಟರಲ್ಲಿ ಫೋನು ಬಂತು. ಕೊತ್ತಗೆರೆಯಿಂದ ಬೀಗಿತ್ತಿ ಪುಟ್ಟತಾಯಮ್ಮ, ಹೇಮಶ್ರೀಯ ಅತ್ತೆ. "ಬಸ್ಸು ಹತ್ತಿದೀನಿ ಕಣಮ್ಮ, ಕೂಸು ನೋಡ್ಬೇಕು ಅನ್ನಿಸ್ತು."

ಗಂಗಲಕ್ಷ್ಮಮ್ಮ ಫೋನಿಟ್ಟು ಮುರಿದ ಬಾಗಿಲ ಕಡೆ ನೋಡಿದಳು. ಈ ಪುಟ್ಟತಾಯಮ್ಮ ಅಂತಿಂಥ ಶಾಸ್ತ್ರದ ಹೆಂಗಸಲ್ಲ. ಮನೆಯೊಳಕ್ಕೆ ಉಡ ಹೊಕ್ಕಿತು ಅಂತ ಮನೆಗೇ ಬೀಗ ಜಡಿದು, ಮೂರು ತಿಂಗಳು ದನದ ಕೊಟ್ಟಿಗೆಯಲ್ಲಿ ಸಂಸಾರ ಮಾಡಿದವಳು. ಇನ್ನು ಕರಡಿ ಹೊಕ್ಕ ಮನೆಯಲ್ಲಿ ಬಾಣಂತಿಯನ್ನು ಬಿಟ್ಟಾಳೆಯೇ? ಸೊಸೆ, ಮೊಮ್ಮಗ ಇಬ್ಬರನ್ನೂ ಇವತ್ತಿನ ಬಸ್ಸಿಗೇ ಹತ್ತಿಸಿಕೊಂಡು ಹೋಗುತ್ತಾಳೆ. ಕೂಸು ಅಜ್ಜಿಯ ಮುಖ ನೋಡಿ ನಗುವುದನ್ನು ಈಗಷ್ಟೇ ಕಲಿತಿತ್ತು. ಆ ನಗು ಬಿಟ್ಟು ಇರುವುದು ಹೇಗೆ ಅಂತ ನೆನೆಸಿಕೊಂಡೇ ಅವಳಿಗೆ ಅಳು ಬಂತು.

"ಅಳೋಕೆ ಆಮೇಲೆ ಟೈಮೈತೆ. ಪೊರಕೆ ಹಿಡಿ" ಎಂದ ದೊಡ್ಡರಂಗಯ್ಯ. ಅವನು ತೆಂಗಿನ ಹಲಗೆ ತಂದು ಬಾಗಿಲಿಗೆ ಅಡ್ಡಪಟ್ಟಿ ಹೊಡೆಯತೊಡಗಿದ. ಅವಳು ಹಿಟ್ಟು ಬಳಿದು, ಫಿನಾಯಿಲು ಹಾಕಿ ನೆಲ ಒರೆಸಿ, ಗಂಜಲ ಚಿಮುಕಿಸಿ, ಗೀರುಗಳ ಮೇಲೆ ಸುಣ್ಣ ಬಳಿದಳು. ಸುಣ್ಣದಡಿಯಿಂದಲೂ ಗೀರು ಇಣುಕಿದಾಗ ಅದರ ಮೇಲೊಂದು ಕ್ಯಾಲೆಂಡರು ನೇತುಹಾಕಿದಳು. ಬಾಗಿಲ ಸಂದಿಯಲ್ಲಿ, ಒಲೆ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಕಪ್ಪು ರೋಮವನ್ನೆಲ್ಲ ಹೆಕ್ಕಿ ಹೆಕ್ಕಿ ಬಚ್ಚಲೊಲೆಗೆ ತುರುಕಿ, ವಾಸನೆ ಹೋಗಲೆಂದು ಊದುಬತ್ತಿಯ ಇಡೀ ಪ್ಯಾಕೆಟ್ಟು ಹಚ್ಚಿಟ್ಟಳು.

"ಸಾಕು ಕಣಮ್ಮ, ಈ ಹೊಗೆಯಿಂದ್ಲೇ ಸಿಕ್ಕಾಕೊಳ್ತೀವಿ" ಎಂದು ಹೇಮಶ್ರೀ ಕೆಮ್ಮುತ್ತಾ ನಕ್ಕಳು.

ಪುಟ್ಟತಾಯಮ್ಮ ಬಂದವಳು ಕಾಲು ತೊಳೆದಳು, ನೀರು ಕುಡಿದಳು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಆಮೇಲೆ ಬಲು ಸಲೀಸಾಗಿ ಕೇಳಿದಳು:

"ಅದೇನು, ಮನೆಗೆ ಕರಡಿ ಬಂದಿತ್ತಂತೆ?"

ಗಂಗಲಕ್ಷ್ಮಮ್ಮ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು. "ಯಾ... ಯಾರಂದ್ರು ಅಕ್ಕಾ?"

"ಬಸ್ಸಿಳೀತಿದ್ದಂಗೆ ಹೋಟ್ಲು ಅಂಜಿನಪ್ಪ ಅಂದ. ಊರಿಗೆಲ್ಲ ಗೊತ್ತೈತಲ್ಲಮ್ಮ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಗಂಗಲಕ್ಷ್ಮಮ್ಮ ಬೀಗಿತ್ತಿಯ ಕೈ ಹಿಡಿದುಕೊಂಡಳು. "ತಪ್ಪಾಯ್ತು ಅಕ್ಕಾ, ನಿಮ್ಗೆ ಹೇಳ್ಬೇಕಿತ್ತು. ಮನೆಯೆಲ್ಲ ಶುದ್ಧ ಮಾಡಿದೀನಿ. ಕೂಸನ್ನ ಮಾತ್ರ ಕರ್ಕೊಂಡು ಹೋಗ್ಬೇಡಿ."

"ಯಾಕಮ್ಮ ಕರ್ಕೊಂಡೋಗ್ಲಿ? ಉಡ ಬಂದ್ರೆ ದರಿದ್ರ. ಕರಡಿ ಅಂದ್ರೆ ಸಾಕ್ಷಾತ್ ಜಾಂಬವಂತ!" ಪುಟ್ಟತಾಯಮ್ಮನ ಕಣ್ಣು ಅರಳಿತ್ತು. "ಎಲ್ಲಿ, ಕೂದ್ಲು ಕೊಡು. ಕರಡಿ ಕೂದ್ಲು ತಾಯ್ತದಲ್ಲಿ ಕಟ್ಟಿದ್ರೆ ಕೂಸು ನಿದ್ದೇಲಿ ಬೆಚ್ಚಲ್ಲ. ನಿನ್ನ ಅಳಿಯ ಬೆಳ್ದಿದ್ದೇ ಹಂಗೆ. ಆಗೆಲ್ಲ ಕರಡಿ ಕುಣ್ಸೋರು ಮನೆ ಬಾಗ್ಲಿಗೇ ತಂದ್ಕೊಡೋರು. ಈಗ ಹುಡುಕಿದ್ರೂ ಎಲ್ಲಿ ಸಿಗ್ತದೆ?"

ಗಂಗಲಕ್ಷ್ಮಮ್ಮ ಗಂಡನ ಮುಖ ನೋಡಿದಳು. ಗಂಡ ಸೂರು ನೋಡಿದ. ಹೇಮಶ್ರೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಅಮ್ಮ ಎಲ್ಲಾನೂ ಒಲೆಗೆ ಹಾಕವ್ಳೆ, ಅತ್ತೆ" ಎಂದಳು.

"ಅಯ್ಯೋ ನಿನ್ನ!" ಅನ್ನುತ್ತಲೇ ಪುಟ್ಟತಾಯಮ್ಮ ಕೂಸನ್ನು ಸೊಸೆಯ ಮಡಿಲಿಗೆ ಹಾಕಿ, ಸೀರೆ ಎತ್ತಿಕಟ್ಟಿ ನೆಲಕ್ಕೆ ಮೊಣಕಾಲೂರಿದಳು. ಅವಳ ಹಿಂದೆ ಗಂಗಲಕ್ಷ್ಮಮ್ಮ. ದೊಡ್ಡರಂಗಯ್ಯ ಟಾರ್ಚು ಬಿಟ್ಟ. ಮೂವರೂ ಅಂಬೆಗಾಲಿಕ್ಕಿ ಒಲೆ ಮೂಲೆ, ಬಾಗಿಲ ಸಂದಿ, ಡಬ್ಬಿಗಳ ಹಿಂದೆಲ್ಲ ಜಾಲಾಡಿದರು. ಒಂದೇ ಒಂದು ಎಳೆ ಸಿಕ್ಕಿತು, ಅದೂ ಗಂಗಲಕ್ಷ್ಮಮ್ಮನದೇ ನರೆಗೂದಲು.

"ಇಷ್ಟು ಚೊಕ್ಕಟವಾಗಿ ಯಾರಾದ್ರೂ ಮನೆ ಗುಡಿಸ್ತಾರೇನಮ್ಮ?" ಎಂದು ಪುಟ್ಟತಾಯಮ್ಮ ಕುಂತಲ್ಲೇ ಬೈದಳು. ಚೊಕ್ಕಟ ಮಾಡಿದ್ದಕ್ಕೆ ಬೈದ ಬೀಗಿತ್ತಿಯನ್ನು ಯಾರು ಕಂಡಿದ್ದಾರೆ? ಗಂಗಲಕ್ಷ್ಮಮ್ಮನಿಗೆ ತಡೆಯಲಾರದಷ್ಟು ನಗು ಬಂತು. ಅವಳ ನಗು ನೋಡಿ ಪುಟ್ಟತಾಯಮ್ಮನೂ ನಕ್ಕಳು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

"ಹೋಗ್ಲಿ ಬುಡು" ಎಂದಳು ಪುಟ್ಟತಾಯಮ್ಮ, ಸಂಜೆ ಬಸ್ಸಿಗೆ ಹೊರಡುವಾಗ. "ಕರಡಿ ನಿನ್ ಕೈ ರುಚಿ ಕಂಡೈತೆ, ಬಂದೇ ಬರ್ತದೆ. ಅದು ತಿರ್ಗಾ ಬರೋಗಂಟ ಕೂಸು ಇಲ್ಲೇ ಇರ್ಲಿ. ಕೂದ್ಲು ಸಿಕ್ಕಿದ್ ದಿನ ಫೋನ್ ಮಾಡು. ಬಂದು ತಾಯ್ತ ಕಟ್ಟಿ ಕರ್ಕೊಂಡೋಯ್ತೀನಿ."

ಬಸ್ಸು ಮರೆಯಾಗುವ ತನಕ ಗಂಗಲಕ್ಷ್ಮಮ್ಮ ಕೈ ಬೀಸಿದಳು. ಆಮೇಲೆ ದಾಪುಗಾಲು ಹಾಕುತ್ತಾ ಮನೆಗೆ ಬಂದು ಗಂಡನನ್ನು ಕೇಳಿದಳು:

"ಇವ್ರೇ, ಮೊಳೆ ಇನ್ನೂ ಉಳ್ದವಾ?"

"ಒಂದು ಹಿಡಿ ಅವೆ. ಯಾಕೆ?"

"ಎಲ್ಲಾನೂ ಬಾಗ್ಲಿಗೆ ಹೊಡ್ದುಬುಡಿ."