ಮೇಲಿನ ಸರೋವರದ ಕಾವಲು

ಪರ್ವತದ ನೆತ್ತಿಯಲ್ಲಿ ಹಿಮ ಕರಗಿ ತಾನಾಗಿಯೇ ನಿಂತ ಸರೋವರವದು. ಅದರ ದಡ ಒಡೆದರೆ ಕೆಳಗಿನ ಊರು ಅರ್ಧ ಗಂಟೆಯಲ್ಲಿ ಕೊಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಆ ಊರಿನವನೊಬ್ಬನನ್ನೇ ಸರ್ಕಾರ ಅಲ್ಲಿ ಕಾವಲಿಗೆ ಇಟ್ಟಿತ್ತು. ಅವನು ದಿನಾ ಬೆಳಗ್ಗೆ ನೀರಿನ ಮಟ್ಟ ನೋಡಿ, "ಊರಿಗೆ ಭಯ ಇಲ್ಲ" ಎಂದು ವೈರ್‌ಲೆಸ್‌ನಲ್ಲಿ ಕಚೇರಿಗೆ ತಿಳಿಸುತ್ತಿದ್ದ. ಅತ್ತಲಿಂದ "ಸರಿ" ಎಂದು ಉತ್ತರ ಬರುತ್ತಿತ್ತು. ರೇಷನ್ ಹೆಲಿಕಾಪ್ಟರಿನಲ್ಲಿ ಬರುತ್ತಿತ್ತು. ಅವನ ಜಾಗಕ್ಕೆ ಬೇರೆ ಯಾರೂ ಸಿಗದೆ, ಅವನು ಊರಿಗೆ ಇಳಿಯದೆ ನಾಲ್ಕು ವರ್ಷವಾಗಿತ್ತು.

ಒಂದು ದಿನ ಇಂಜಿನಿಯರ್ ಬಂದು, ಅವನು ಕೊಟ್ಟ ಚಹಾ ಕುಡಿದು, ಆದೇಶದ ಕಾಗದ ಕೈಗಿತ್ತ.

"ಇನ್ನು ನೀವು ಇಲ್ಲಿರಬೇಕಾಗಿಲ್ಲ. ಕಾವಲು ರದ್ದಾಗಿದೆ."

"ನನ್ನಿಂದ ಏನಾದ್ರೂ ತಪ್ಪಾಯ್ತಾ ಸಾರ್?"

"ಛೆ, ಇಲ್ಲಪ್ಪ. ಡ್ಯಾಮ್ ಕಟ್ಟಿ ಮುಗೀತು. ಈ ಸರೋವರ ಪೂರ್ತಿ ಒಡೆದು ಬಂದ್ರೂ ಅದು ತಡ್ಕೊಳ್ಳುತ್ತೆ."

ಕಾವಲುಗಾರ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಒಳ್ಳೇದಾಯ್ತು ಸಾರ್. ಯಾವತ್ತು ನೀರು ಬರುತ್ತೋ ಅಂತ ನನ್ನ ಹೆಂಡತಿ ಬಟ್ಟೆಗಂಟು ಬಾಗಿಲ ಹತ್ರಾನೇ ಇಟ್ಕೊಂಡು ಮಲಗ್ತಿದ್ಲು. ಇನ್ನು ಬಿಚ್ಚಿಡಬಹುದು. ಡ್ಯಾಮ್ ಊರಿನ ಮೇಲ್ಗಡೆ, ಆ ಕಣಿವೆ ಇಕ್ಕಟ್ಟಾಗೋ ಕಡೆ ಕಟ್ಟಿದ್ರಾ?"

"ಇಲ್ಲ, ಊರಿನ ಕೆಳಗಡೆ," ಎಂದ ಇಂಜಿನಿಯರ್, ಲೋಟ ಕೆಳಗಿಡುತ್ತ. "ಗಂಟು ಕಟ್ಟಿಟ್ಟಿದ್ದು ಒಳ್ಳೇದೇ ಆಯ್ತು. ಡ್ಯಾಮಿನ ನೀರಲ್ಲಿ ನಿಮ್ಮ ಮನೆ ಛಾವಣೀನೂ ಮುಳುಗಿ ಎರಡು ತಿಂಗಳಾಯ್ತು."