ಉಳಿದ ಔಷಧ

"ಅಕ್ಕಾ, ಕುದುರಿ ಮಾರಿ ಗಟ್ಟಿ ಹಿಡೀರಿ. ಒಂದ್ ಸೂಜಿ ಮಾಡಿದ್ರ ಉಸುರು ಹಗುರ ಆಕೈತಿ" ಎನ್ನುತ್ತ ದುರ್ಗೇಶ ಸಿರಿಂಜಿಗೆ ಔಷಧ ಎಳೆದುಕೊಂಡ. ಹಿಂದೊಮ್ಮೆ ಅವನ ಎಮ್ಮೆಗೆ ಉಸಿರು ಕಟ್ಟಿದಾಗ ತಂದ ಬಾಟಲಿಯಲ್ಲಿ ಉಳಿದಿದ್ದ ಔಷಧವದು. ಪಕ್ಕದ ಮನೆಯ ಬದರುನ್ನಿಸಾಳ ಕುದುರೆ ಕೆಮ್ಮಿ ಕೆಮ್ಮಿ ಪಕ್ಕೆ ಎಳೆಯುವುದನ್ನು ನೋಡಲಾರದೆ ತಾನಾಗಿಯೇ ತಂದಿದ್ದ. ಗಜೇಂದ್ರಗಡದ ಮದುವೆ ಮೆರವಣಿಗೆಗಳಿಗೆ ಹೋಗುವ ಆ ಕುದುರೆಯಿಂದಲೇ ಅವಳ ಸಂಸಾರ ನಡೆಯುತ್ತಿತ್ತು.

ಸೂಜಿ ತಾಗುವ ಮೊದಲೇ ಕುದುರೆ ಕತ್ತು ಕೊಡವಿತು. ದುರ್ಗೇಶ ಎಡಗೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ.

"ಚುಚ್ಚಿತೇನ್ ತಮ್ಮಾ?"

"ಏನಿಲ್ಲ ಬಿಡ್ರಿ. ಮತ್ತ ಹಿಡೀರಿ."

ಅವಳು ಹಿಡಿಯಲಿಲ್ಲ. ಕುದುರೆಗೆ ಎಷ್ಟು ಹಾಕಬೇಕೆಂದು ಕೇಳಲು ಪಶು ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನ್ ಹಚ್ಚಿದಳು. ಬಾಟಲಿಯ ಮೇಲಿನ ಹೆಸರನ್ನು ದುರ್ಗೇಶ ಓದಿ ಹೇಳಿದ.

"ಹಾಕಿಬಿಟ್ರೇನು?" ಡಾಕ್ಟರಮ್ಮನ ದನಿ ಬಿಗಿಯಾಯಿತು.

"ಇನ್ನೂ ಇಲ್ರಿ."

"ಹಾಕಬ್ಯಾಡ್ರಿ. ಅದು ದನದ ಔಷಧ. ಕುದುರಿಗೆ ಹಾಕಿದ್ರ ಎದೀನ ನಿಂತಬಿಡ್ತೈತಿ. ಮನಷ್ಯಾರಿಗೂ ಹಂಗ. ಸೂಜಿ ಯಾರಿಗೂ ಚುಚ್ಚಿಲ್ಲ ಹೌದಲ್ಲ?"

ಬದರುನ್ನಿಸಾ ದುರ್ಗೇಶನ ಕಡೆ ನೋಡಿದಳು. ಅವನು ಮುಷ್ಟಿ ಬಿಗಿಹಿಡಿದಿದ್ದ. ಬಿಡಿಸಿದಳು. ಹೆಬ್ಬೆರಳಿನ ಬುಡದಲ್ಲಿ ರಕ್ತದ ಸಣ್ಣ ಹನಿ.

"ಚುಚ್ಚೇತ್ರಿ!"

"ಕೈಗೆ ಬರ್ಫಿನ ಗಡ್ಡಿ ಹಿಡೀರಿ. ಲಗೂನ ದವಾಖಾನಿಗೆ ಕರಕೊಂಡ್ ಹೋಗ್ರಿ. ಬಾಟ್ಲಿ ಜೋಡೀನ ಒಯ್ದು ಅಲ್ಲಿ ಡಾಕ್ಟರಿಗೆ ತೋರಸ್ರಿ. ಕುದುರಿ ನೋಡಾಕ ನಾನು ನಿಮ್ಮ ಮನಿಗೆ ಬರ್ತೀನಿ."

ಊರಿನ ದವಾಖಾನೆಯವರು ಸಲೈನ್ ಹಚ್ಚಿ ಅಂಬುಲೆನ್ಸಿನಲ್ಲಿ ಗದಗಿಗೆ ಕಳಿಸಿದರು. ರೋಣ ದಾಟುವಾಗ ದುರ್ಗೇಶ ಬೆವರಿ ತೊಯ್ದು ಹೋಗಿದ್ದ.

"ಅಕ್ಕಾ, ಎದಿ ಡವಡವ ಅನ್ನಾಕತ್ತೈತಿ. ಅಂಜಿಕಿಗೋ ಔಷಧಕ್ಕೋ ತಿಳೀವಲ್ದು."

"ಮಾತಾಡಬ್ಯಾಡ" ಎಂದ ಬದರುನ್ನಿಸಾ ಗದಗ ಬರುವವರೆಗೂ ಅವನ ಕೈ ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಎದೆಬಡಿತ ಹದಕ್ಕೆ ಬಂತು. ಜೀವಕ್ಕೆ ಅಪಾಯವಿಲ್ಲ, ಆದರೂ ನಾಳೆಯವರೆಗೆ ಇಲ್ಲೇ ಇರಲಿ ಎಂದರು ಅಲ್ಲಿನ ಡಾಕ್ಟರು. ಅಷ್ಟರಲ್ಲಿ ಡಾಕ್ಟರಮ್ಮನ ಫೋನು ಬಂತು: ಕುದುರೆಯ ಎದೆ ಪರೀಕ್ಷಿಸಿ, ಕುದುರೆಗೆಂದೇ ಇರುವ ಔಷಧವನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟಿದ್ದಾಗಿತ್ತು, ಈಗ ಸಲೀಸಾಗಿ ಉಸಿರಾಡುತ್ತಿತ್ತು.

ಬದರುನ್ನಿಸಾ ಅದನ್ನೇ ಹೇಳಿದಳು. ಎದೆಯ ತುಂಬ ವೈರು ಹಚ್ಚಿಸಿಕೊಂಡು ಮಲಗಿದ್ದ ದುರ್ಗೇಶ ತನ್ನ ಹೆಬ್ಬೆರಳನ್ನು ನೋಡಿಕೊಂಡ.

"ಅಕ್ಕಾ, ಒಂದ್ ಹನಿಗೆ ನನಗ ಹಿಂಗಾತು. ಕುದುರಿಗಂತ ನಾ ಸಿರಿಂಜ್ ಪೂರಾ ತುಂಬಿದ್ನಲ್ಲ."