ಬಟಾಣಿ ಕಳ್ಳತನ

"ಇಷ್ಟೇನಾ?" ಅಮ್ಮ ಬಟ್ಟಲನ್ನು ಅಲುಗಾಡಿಸಿ ನೋಡಿದಳು. ತಳದಲ್ಲಿ ಒಂದು ಹಿಡಿ ಹಸಿ ಬಟಾಣಿ ಉರುಳಾಡಿತು. ಪಕ್ಕದಲ್ಲಿ ಸಿಪ್ಪೆ ಮಾತ್ರ ಗುಡ್ಡೆ ಬಿದ್ದಿತ್ತು. "ಚೀಲ ತುಂಬ ತಂದಿದ್ದೆ. ಕಾಳೆಲ್ಲ ಎಲ್ಲಿ ಹೋಯ್ತೇ, ಪಟಾಕಿ?"

ಮನೆಯವರೆಲ್ಲ ಪಟಾಕಿ ಎಂದೇ ಕರೆಯುವ ಮಗಳು ಮೊಬೈಲಿನಿಂದ ತಲೆ ಎತ್ತಿದಳು. "ನನ್ನನ್ಯಾಕೆ ನೋಡ್ತೀಯಾ? ನಿನ್ನಾಣೆ, ಒಂದನ್ನೂ ಮುಟ್ಟಿಲ್ಲ."

"ಮತ್ತೆ ಕಾಳಿಗೆ ಕಾಲು ಬಂತಾ?"

ಅಮ್ಮನ ಸಿಟ್ಟಿಗೆ ಕಾರಣವಿತ್ತು. ಚಳಿ ಕಳೆದು ಎಳೆ ತರಕಾರಿ ಮಾರ್ಕೆಟ್ಟಿಗೆ ಬಂದಿದ್ದೇ ಇವತ್ತು. ಬೆಳಿಗ್ಗೆಯೇ ಓಡಿಹೋಗಿ ಬಟಾಣಿ, ಮಣ್ಣು ಮೆತ್ತಿದ ಪುಟ್ಟ ಕ್ಯಾರೆಟ್, ಸೊಪ್ಪಿನ ಸಮೇತ ಎಳೆ ಈರುಳ್ಳಿ ಆರಿಸಿ ತಂದಿದ್ದಳು. ಒಳಗೆ ಬೆಣ್ಣೆಯಲ್ಲಿ ಈರುಳ್ಳಿ ಆಗಲೇ ಬಾಡುತ್ತಿತ್ತು; ಬಟಾಣಿ ಬೀಳುವುದೊಂದೇ ಬಾಕಿ. ಇಷ್ಟೆಲ್ಲ ಅಜ್ಜಿಗಾಗಿ. ಚಳಿಗಾಲದ ಜ್ವರ ಹೋಗುವಾಗ ಅಜ್ಜಿಯ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಜೊತೆಗೇ ಎತ್ತಿಕೊಂಡು ಹೋಗಿತ್ತು. "ಬಂದರೂ ಬರಬಹುದು, ಕಾಯಿರಿ" ಎಂದಿದ್ದರು ಡಾಕ್ಟರು. ಒಂದು ಚಮಚ ಬಾಯಿಗಿಟ್ಟು ಸೊಸೆಯ ಅಡುಗೆಯಲ್ಲಿ ಹತ್ತು ತಪ್ಪು ಹುಡುಕುತ್ತಿದ್ದ ಅಜ್ಜಿ, ಏನು ಬಡಿಸಿದರೂ "ಮರದ ಪುಡಿ" ಅನ್ನತೊಡಗಿದ್ದಳು. ಈಚೆಗೆ ಅದನ್ನೂ ಅನ್ನುತ್ತಿರಲಿಲ್ಲ. ತಟ್ಟೆ ತುಂಬಿದ ಹಾಗೇ ವಾಪಸು ಬರುತ್ತಿತ್ತು, ಕೈಯ ಬಳೆ ಮೊಣಕೈವರೆಗೂ ಜಾರುತ್ತಿತ್ತು.

"ಆ ತರಕಾರಿಯವನೇ ಬರೀ ಸಿಪ್ಪೆ ಕೊಟ್ಟಿದ್ದಾನೆ ಕಣಮ್ಮ! ಒಳಗೆ ಗಾಳಿ ತುಂಬಿಸಿ!" ಎಂದಳು ಪಟಾಕಿ. ಇಂಥ ಮಾತಿಗೆ ಅಜ್ಜಿಯಾದರೂ ನಗುತ್ತಾಳೆಂದು ಕಿಟಕಿಯ ಕಡೆ ತಿರುಗಿದಳು. ಬೆಳಗಿನಿಂದ ಅಲ್ಲಿ ಕೂತು ಬಟಾಣಿ ಬಿಡಿಸಿದವಳು ಅಜ್ಜಿಯೇ. ಆದರೆ ಅಜ್ಜಿ ಹೊರಗೆ ಯಾವುದೋ ಕಾಗೆಯನ್ನು ತುಂಬ ಗಮನವಿಟ್ಟು ನೋಡುತ್ತಿದ್ದಳು. ಒಂದು ಕೆನ್ನೆ ಉಬ್ಬಿತ್ತು.

"ಅಜ್ಜಿ, ಎಲ್ಲಿ, ಆ ಅನ್ನು."

ಅಜ್ಜಿ ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ನಗು ತಡೆಯಲಾಗದೆ ಬಾಯಿ ಬಿಟ್ಟಾಗ ಒಂದು ಹಸಿರು ಕಾಳು ಪುಳಕ್ಕನೆ ಹೊರಗೆ ಹಾರಿ ಮಡಿಲಿಗೆ ಬಿತ್ತು.

"ಕಳ್ಳಿ ಸಿಕ್ಕಿಬಿದ್ಲು!" ಪಟಾಕಿ ಕಿರುಚಿದಳು.

ಅಮ್ಮ ನಗಲಿಲ್ಲ. ಬಟ್ಟಲನ್ನು ಎದೆಗೊತ್ತಿಕೊಂಡು ಅಜ್ಜಿಯ ಎದುರು ನೆಲದಲ್ಲೇ ಕೂತಳು. "ಅತ್ತೆ... ರುಚಿ ಗೊತ್ತಾಗ್ತಿದ್ಯಾ?"

"ಅಭ್ಯಾಸ ಬಲ ಕಣೇ, ಸುಮ್ನೆ ಒಂದು ಬಾಯಿಗೆ ಹಾಕ್ಕೊಂಡೆ. ಸಿಹಿ ಅನ್ನಿಸ್ತು. ನನ್ನ ಭ್ರಮೆ ಇರ್ಬೇಕು ಅಂತ ಇನ್ನೊಂದು ಹಾಕ್ಕೊಂಡೆ. ಅದೂ ಸಿಹಿ!"

"ಕೂಗಿ ಹೇಳ್ಬಾರ್ದಿತ್ತಾ?"

"ಹೇಳಿದ ತಕ್ಷಣ ಹೊರಟುಹೋಗ್ಬಿಟ್ರೆ?" ಅಜ್ಜಿಯ ದನಿ ಸಣ್ಣಗಾಯಿತು. "ಖಾತ್ರಿ ಮಾಡ್ಕೊಳ್ತಿದ್ದೆ."

"ಒಂದು ಚೀಲ ಖಾತ್ರಿನಾ ಅಜ್ಜಿ!"

ಅಜ್ಜಿ ಒಳಗಿನ ಕಡೆ ಮುಖ ತಿರುಗಿಸಿದಳು. ಮೂಗಿನ ಹೊಳ್ಳೆ ಅರಳಿತು. ಒಮ್ಮೆ ಉಸಿರೆಳೆದುಕೊಂಡಳು, ಮತ್ತೊಮ್ಮೆ ಎಳೆದುಕೊಂಡಳು. ಆಮೇಲೆ ಚಳಿಗಾಲದುದ್ದಕ್ಕೂ ಈ ಮನೆ ಕೇಳಿರದ ಗಂಟಲಿನಲ್ಲಿ ಗದರಿದಳು:

"ಅಯ್ಯೋ, ಈರುಳ್ಳಿ ಸೀದು ಹೋಗ್ತಿದೆ! ಬಾಣಲೆ ಇಟ್ಟು ಇಲ್ಲಿ ಬಂದು ಕೂತಿದ್ದೀಯಲ್ಲೇ! ಯಾವ ಕಾಲಕ್ಕೆ ಅಡುಗೆ ಕಲೀತೀಯಾ ನೀನು?"

ಪಟಾಕಿ ಒಲೆ ಆರಿಸಲು ಓಡಿದಳು. ಅಮ್ಮ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಇನ್ನೊಂದ್ಸಲ ಬೈಯಿರಿ, ಅತ್ತೆ" ಎಂದಳು, ಕಣ್ಣೊರೆಸಿಕೊಳ್ಳುತ್ತ.